ಹಳೆಯ ಎಂಜಿನ್ನಿಗೆ ಎಷ್ಟು ಬಿಸಿ ಬೇಕು

ಎಂಜಿನ್ನಿನ ನೆತ್ತಿಯ ಹತ್ತಿರ, ರೇಡಿಯೇಟರಿನ ಮೇಲಿನ ಹೋಸ್ ಪೈಪು ಬಂದು ಸೇರುವ ಕಡೆ ಒಂದು ಪುಟ್ಟ ಗೂಡು ಇರುತ್ತದೆ. ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದರೆ ಥರ್ಮೋಸ್ಟಾಟ್ ವಾಲ್ವು ಕಾಣಬೇಕು. ನಮ್ಮ ಲಾರಿಯ ಗೂಡು ಖಾಲಿಯಾಗಿತ್ತು. ಮೇಸ್ತ್ರಿ ಟಾರ್ಚ್ ಬಿಟ್ಟು ನೋಡಿ, “ಇದ್ರಲ್ಲಿ ವಾಲ್ವೇ ಇಲ್ವಲ್ಲ ಸಾರ್” ಅಂದ. ಒಳಗೋಡೆಗೆ ಕಟ್ಟಿದ್ದ ತುಕ್ಕಿನ ದಪ್ಪ ನೋಡಿದರೆ ಅದನ್ನು ಮೊನ್ನೆ ಮೊನ್ನೆ ತೆಗೆದಂತೆ ಇರಲಿಲ್ಲ. ಹಿಂದಿನ ಡ್ರೈವರುಗಳಲ್ಲಿ ಯಾರ ಕೆಲಸವೋ ಎಂದು ನಾವಿಬ್ಬರೂ ಲೆಕ್ಕ ಹಾಕುತ್ತಿದ್ದೆವು.

ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಹೇಳಿದರು: “ತೆಗ್ಸಿದ್ದು ನಾನೇ ಕಣೋ. ಶಿರಾಡಿಯಲ್ಲಿ.”

ಅಪ್ಪನಿಗೆ ಈಗ ಎಪ್ಪತ್ತಾರು. ಲಾರಿ 1980ರ ದಶಕದ್ದು, ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು. ಸಕಲೇಶಪುರದಿಂದ ಮಂಗಳೂರಿಗೆ ಹೋಗುವಾಗ ಕಾಫಿ ಮೂಟೆ, ಬರುವಾಗ ಹೆಂಚು. ನಮ್ಮ ಮನೆಯ ಅನ್ನ, ನನ್ನ ಕಾಲೇಜಿನ ಫೀಸು, ಅಕ್ಕನ ಮದುವೆ ಎಲ್ಲವೂ ಶಿರಾಡಿ ಘಾಟಿಯನ್ನು ಹತ್ತಿ ಇಳಿದೇ ಬಂದದ್ದು. ರಸ್ತೆಯ ಕೆಲಸದಿಂದ ನಿವೃತ್ತಿಯಾದ ಮೇಲೂ ಅದನ್ನು ಮಾರಲು ಮನಸ್ಸಾಗದೆ ತೋಟದೊಳಗಿನ ಗೊಬ್ಬರ, ಸೌದೆ, ಕಾಫಿ ಹಣ್ಣು ಸಾಗಿಸಲು ಇಟ್ಟುಕೊಂಡಿದ್ದೇವೆ. ಈ ಸಲ ಎಣ್ಣೆ ಕುಡಿಯುವುದು ಜಾಸ್ತಿಯಾಗಿ, ಬ್ರೀದರಿನಲ್ಲಿ ಬೀಡಿ ಸೇದಿದ ಹಾಗೆ ಹೊಗೆ ಬರತೊಡಗಿದಾಗ ಎಂಜಿನ್ ಬಿಚ್ಚಿಸಿದೆವು. ಸಿಲಿಂಡರಿನ ಒಳಗೋಡೆಯಾದ ಲೈನರು ಸವೆದಿತ್ತು. ಅಷ್ಟು ಸವೆಯುವಷ್ಟು ಓಡಿದೆಯೇ ಎಂದು ಮೇಸ್ತ್ರಿಗೆ ಅನುಮಾನ. ಆ ಅನುಮಾನದ ಬೆನ್ನು ಹತ್ತಿಯೇ ಅವನು ಆ ಗೂಡಿಗೆ ಕೈ ಹಾಕಿದ್ದ.

ಕಥೆ ಇಷ್ಟು. 1988ರ ಏಪ್ರಿಲ್. ಹೆಂಚಿನ ಲೋಡು, ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ನೀರು ಕುದಿಯಿತು. ಹಳ್ಳದಿಂದ ಕ್ಲೀನರ್ ನೀರು ಹೊತ್ತು ಸುರಿದು, ನಿಂತು ನಿಂತು ಹತ್ತಿಸಿದರಂತೆ. ಮೇಲೆ ಬಂದಾಗ ರಸ್ತೆಬದಿಯ ಗ್ಯಾರೇಜಿನವರೊಬ್ಬರು ವಾಲ್ವು ಕಿತ್ತು ಕೈಗೆ ಕೊಟ್ಟು, ಇದು ಚಳಿ ದೇಶದವರಿಗೆ ಬೇಕಾದ್ದು, ನಮ್ಮ ಸೆಕೆಗೆ ಯಾಕೆ ಅಂದರಂತೆ. ಅದೇ ವಾರ ಅಪ್ಪ ರೇಡಿಯೇಟರನ್ನೂ ಇಳಿಸಿ, ರಾಡ್ ಹೊಡೆಸಿ ಕೊಳವೆಗಳನ್ನು ಚೊಕ್ಕ ಮಾಡಿಸಿದರು. ಆಮೇಲೆ ನೀರು ಕುದಿಯಲಿಲ್ಲ. ಎರಡು ಔಷಧಿ ಒಟ್ಟಿಗೆ ಕುಡಿದವರು ಗುಣವಾದ ಮೇಲೆ ಯಾವುದಕ್ಕೆ ಕೈ ಮುಗಿಯುತ್ತಾರೆ? ಅಪ್ಪ ವಾಲ್ವು ಕಿತ್ತದ್ದಕ್ಕೆ ಕೈ ಮುಗಿದರು. ತಾವಷ್ಟೇ ನಂಬಿ ಸುಮ್ಮನಿರದೆ ಜೊತೆಯ ಡ್ರೈವರುಗಳಿಗೂ ಹೇಳಿದರು. “ಎಷ್ಟು ಜನರ ಗಾಡಿಯಿಂದ ತೆಗೆಸಿದೀನೋ” ಎಂದು ಅವತ್ತು, ಲೈನರು ಸವೆದದ್ದು ವಾಲ್ವಿಲ್ಲದ್ದರಿಂದಲೇ ಎಂದು ಗೊತ್ತಾದ ಮೇಲೆ, ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದರು. ಆ ಧ್ವನಿಯಲ್ಲಿದ್ದ ನೋವು ನನ್ನನ್ನು ತಟ್ಟಿತು. ಮೂವತ್ತೈದು ವರ್ಷದ ನಂಬಿಕೆಯನ್ನು ಎಪ್ಪತ್ತಾರನೇ ವಯಸ್ಸಿನಲ್ಲಿ, ಮಗನ ಮುಂದೆ, ಕೂಲಿಗೆ ಬಂದ ಮೇಸ್ತ್ರಿಯ ಮುಂದೆ ತಪ್ಪು ಎಂದು ಒಪ್ಪಿಕೊಳ್ಳುವುದು ಸಣ್ಣ ಕೆಲಸವಲ್ಲ.

ಈ ವಾಲ್ವು ಬಹಳ ಸರಳವಾದ ವಸ್ತು. ಹೆಬ್ಬೆರಳ ಗಾತ್ರದ ಹಿತ್ತಾಳೆಯ ಡಬ್ಬಿಯೊಳಗೆ ಮೇಣ ಇರುತ್ತದೆ. ಬಿಸಿ ಬೇಗ ಹರಡಲೆಂದು ಅದಕ್ಕೆ ತಾಮ್ರದ ಪುಡಿ ಬೆರೆಸಿರುತ್ತಾರೆ. ಗೊತ್ತಾದ ಬಿಸಿಗೆ ಮೇಣ ಕರಗುತ್ತದೆ, ಕರಗಿದಾಗ ಹಿಗ್ಗುತ್ತದೆ, ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ಕರೆಂಟಿಲ್ಲ, ವೈರಿಲ್ಲ. 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ಎಂಬಾತ ರೂಪಿಸಿದ ಈ ಉಪಾಯ ಇಂದಿಗೂ ಹೆಚ್ಚುಕಡಿಮೆ ಹಾಗೇ ನಡೆದುಕೊಂಡು ಬಂದಿದೆ. ಎಷ್ಟು ಡಿಗ್ರಿಗೆ ತೆರೆಯಲು ಶುರು ಮಾಡುತ್ತದೋ ಆ ಅಂಕಿಯನ್ನು ವಾಲ್ವಿನ ಮೈಮೇಲೆ ಒತ್ತಿರುತ್ತಾರೆ: 71, 82, 88 ಹೀಗೆ. ಪೂರ್ತಿ ತೆರೆಯಲು ಅಲ್ಲಿಂದ ಮೇಲೆ ಇನ್ನು ಹತ್ತು ಹದಿನೈದು ಡಿಗ್ರಿ ಬೇಕು. ಬಾಗಿಲು ಮುಚ್ಚಿರುವಷ್ಟು ಹೊತ್ತು ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲಿ ಎಂಜಿನ್ನಿನೊಳಗೇ ಸುತ್ತುತ್ತಾ ಬೇಗ ಬಿಸಿಯಾಗುತ್ತದೆ.

ಆ ಅಂಕಿಯ ಅರ್ಥವನ್ನು ನಾನೂ ತಪ್ಪಾಗಿಯೇ ತಿಳಿದಿದ್ದೆ. 82 ಅಂದರೆ ಎಂಜಿನ್ 82ಕ್ಕಿಂತ ಬಿಸಿಯಾಗದ ಹಾಗೆ ಕಾಯುತ್ತದೆ ಅಂತ. ವಾಲ್ವು ಕಾಯುವುದು ಕೆಳಗಿನ ಗಡಿಯನ್ನು. ಎಂಜಿನ್ ಅದಕ್ಕಿಂತ ತಣ್ಣಗಾಗಲು ಬಿಡುವುದಿಲ್ಲ ಎಂಬುದೊಂದೇ ಅದರ ಪ್ರತಿಜ್ಞೆ. ಮೇಲಿನ ಗಡಿ ಕಾಯುವುದು ರೇಡಿಯೇಟರು, ಫ್ಯಾನು, ಬೆಲ್ಟು, ನೀರಿನ ಪಂಪು, ಮುಚ್ಚಳ ಇವುಗಳ ಪಾಲಿನ ಕೆಲಸ. ರೇಡಿಯೇಟರಿನ ಕೊಳವೆಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡಿದ್ದರೆ 71ರ ವಾಲ್ವು ಹಾಕಿದರೂ ಗಾಡಿ ಕುದಿಯುತ್ತದೆ. ಬಾಗಿಲು ಸ್ವಲ್ಪ ಮುಂಚೆ ತೆರೆದುಕೊಳ್ಳುತ್ತದೆ, ಕುದಿಯುವ ಹೊತ್ತು ಅರ್ಧ ಕಿಲೋಮೀಟರು ಮುಂದೆ ಹೋಗುತ್ತದೆ ಅಷ್ಟೆ. ಇನ್ನು ಹಲವು ಡೀಸೆಲ್ ಎಂಜಿನ್ನುಗಳಲ್ಲಿ ವಾಲ್ವು ತೆರೆಯುವಾಗಲೇ ಬೈಪಾಸಿನ ಬಾಯಿಯನ್ನು ಮುಚ್ಚುವ ಏರ್ಪಾಡೂ ಇರುತ್ತದೆ. ಅಂಥಲ್ಲಿ ವಾಲ್ವನ್ನೇ ಕಿತ್ತರೆ ಬೈಪಾಸು ಸದಾ ತೆರೆದಿದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಹಿಂತಿರುಗುತ್ತದೆ. ತಂಪಿಗೆಂದು ಮಾಡಿದ ಕೆಲಸ ದೊಡ್ಡ ಏರಿನಲ್ಲಿ ಬಿಸಿಯನ್ನೇ ಹೆಚ್ಚಿಸುತ್ತದೆ.

ತಣ್ಣಗಿನ ಎಂಜಿನ್ ಹೇಗೆ ಸಾಯುತ್ತದೆ ಎಂಬುದನ್ನು ನಾನು ಈ ವರ್ಷವಷ್ಟೇ ಕಣ್ಣಾರೆ ಕಂಡೆ. ಡೀಸೆಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಸಿಲಿಂಡರಿನ ಗೋಡೆ ಬಿಸಿಯಾಗಿದ್ದರೆ ಅದು ಹೊಗೆಯ ಜೊತೆ ಹೊರಟುಹೋಗುತ್ತದೆ. ಗೋಡೆ ತಣ್ಣಗಿದ್ದರೆ ಹನಿಗಟ್ಟುತ್ತದೆ. ಡೀಸೆಲಿನ ಗಂಧಕವೂ ಉರಿದು ಆ ಹನಿಯಲ್ಲಿ ಸೇರಿ ಆಮ್ಲವಾಗುತ್ತದೆ. ಆಮ್ಲ ಗೋಡೆಯನ್ನು ತಿನ್ನುತ್ತದೆ, ಪಿಸ್ಟನ್ನಿನ ರಿಂಗು ಬಂದು ಅದನ್ನು ಕೆರೆಯುತ್ತದೆ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದ ಡೀಸೆಲಿನಲ್ಲಿ ನೂರಕ್ಕೆ ಒಂದು ಭಾಗದವರೆಗೂ ಗಂಧಕ ಇರಬಹುದಿತ್ತು. 2020ರ ಏಪ್ರಿಲಿನಿಂದ ಅದು ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿದಿದೆ. ಅಂದರೆ ನಮ್ಮ ಲಾರಿ ಹೆಚ್ಚು ಓಡಿದ್ದು ಅತಿ ಕೆಟ್ಟ ಕಾಲದಲ್ಲಿ, ಅದೂ ಬಾಗಿಲಿಲ್ಲದ ಮನೆಯ ಹಾಗೆ. ಸರಿಯಾಗಿ ಉರಿಯದ ಡೀಸೆಲು ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲನ್ನು ತೆಳ್ಳಗಾಗಿಸುತ್ತದೆ. ಸಿಲಿಂಡರಿನ ಗೋಡೆ ತಣ್ಣಗಿದ್ದಾಗ ಸವೆತ ಹಲವು ಪಟ್ಟು ಏರುತ್ತದೆಂದು ಇಂಗ್ಲೆಂಡಿನಲ್ಲಿ 1930ರ ದಶಕದ ಪರೀಕ್ಷೆಗಳೇ ತೋರಿಸಿದ್ದವು.

ಮಲೆನಾಡಿನ ಮಳೆಗಾಲದಲ್ಲಿ ಲಾರಿಯ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಬೆಣ್ಣೆ ಕಡೆಯುವಾಗ ಬರುವಂಥ ಬಿಳಿ ನೊರೆ ಅಂಟಿರುತ್ತಿದ್ದದ್ದು ನನಗೆ ಚಿಕ್ಕಂದಿನಿಂದ ನೆನಪಿದೆ. ಅದು ಎಣ್ಣೆಯ ಜೊತೆ ನೀರು ಕಡೆದುಕೊಂಡ ಗುರುತು. ಘಾಟಿ ಇಳಿಯುವಾಗ ಗೇರಿನ ಮೇಲೆ ಗಾಡಿ ಬಿಟ್ಟರೆ ಡೀಸೆಲ್ ಉರಿಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ, ಮುಂದಿನಿಂದ ಮಳೆಗಾಳಿ ಬಡಿಯುತ್ತದೆ. ಮುಳ್ಳು ತಳದಲ್ಲೇ ಮಲಗಿರುತ್ತಿತ್ತು. ಅದನ್ನು ನೋಡಿ ಅಪ್ಪನಿಗೆ ನೆಮ್ಮದಿ. ಕುದಿದರೆ ಹಬೆ ಏಳುತ್ತದೆ, ಗಾಡಿ ನಿಲ್ಲುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ತಣ್ಣಗೆ ಸವೆಯುವುದಕ್ಕೆ ಸದ್ದಿಲ್ಲ. ಯಾರೂ ಓಡಿ ಬರುವುದಿಲ್ಲ.

ವಾಲ್ವು ತರಲು ಹಾಸನಕ್ಕೆ ನಾನೊಬ್ಬನೇ ಹೋಗಿದ್ದೆ. ಅಂಗಡಿಯವರು ಎರಡು ಡಬ್ಬಿ ಮುಂದಿಟ್ಟರು, ಒಂದು 71, ಇನ್ನೊಂದು 82. ಎರಡೂ ಅದೇ ಗೂಡಿಗೆ ಕೂರುತ್ತವೆ. ಯಾವುದು ಬೇಕು ಅಂದರು. ನನ್ನ ಕೈ ತಾನಾಗಿ 71ರ ಕಡೆ ಹೋಯಿತು. ಹಳೆಯ ಎಂಜಿನ್ನು, ಪಾಪ, ತಣ್ಣಗಿರಲಿ ಅನ್ನಿಸಿತು. ಇದರಲ್ಲಿ ತಪ್ಪೇನಿದೆ? ವಯಸ್ಸಾದದ್ದರ ಮೇಲಿನ ಪ್ರೀತಿಯಿಂದಲೇ ಆ ಕೈ ಹೋದದ್ದು. ಆದರೂ ಅಪ್ಪನಿಗೆ ಫೋನ್ ಮಾಡಿದೆ.

“ಬುಕ್ಕಲ್ಲಿ ಎಷ್ಟಿದೆ?” ಅಂದರು.

“ಬುಕ್ಕು ಎಲ್ಲಿದೆ ಅಪ್ಪ?”

“ನನ್ನ ಟ್ರಂಕಲ್ಲಿ. ನೋಡಿ ಹೇಳ್ತೀನಿ ಇರು.”

ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿದರು. “ಎಂಬತ್ತೆರಡು ಬರ್ದಿದಾರೆ. ಎಂಬತ್ತೆರಡೇ ತಗೊಂಬಾ. ಕಡಿಮೆದು ಹಾಕಿ ನಾವೇನೂ ಉಪಕಾರ ಮಾಡ್ದಂಗಾಗಲ್ಲ. ಮೊದ್ಲು ಆ ರೇಡಿಯೇಟರ್ ಇಳಿಸಕ್ಕೆ ಹೇಳು ಮೇಸ್ತ್ರಿಗೆ.”

71ಕ್ಕೂ ಅದರದೇ ಆದ ಕಾರಣ ಇತ್ತು ಎಂಬುದನ್ನು ಆಮೇಲೆ ಓದಿ ತಿಳಿದೆ. ಅಮೆರಿಕದ ಹಿಂದಿನ ತಲೆಮಾರಿನ ಟ್ರಕ್ಕುಗಳಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟದಿರಲೆಂದು ಆಲ್ಕೋಹಾಲ್ ಬೆರೆಸುತ್ತಿದ್ದರು. ಮೆಥನಾಲ್ ಒಂದನ್ನೇ ಕಾಯಿಸಿದರೆ 65 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವಂಥದ್ದು. ಅದು ಆವಿಯಾಗಿ ಹಾರಿಹೋಗದಿರಲು ಎಂಜಿನ್ನನ್ನು ತಂಪಾಗಿ ಇಡಲೇಬೇಕಿತ್ತು. ಗ್ಲೈಕಾಲ್ ಬಂದ ಮೇಲೆ, ಒತ್ತಡ ಹಿಡಿಯುವ ಮುಚ್ಚಳ ಬಂದ ಮೇಲೆ ಆ ಅಡ್ಡಿ ಹೋಯಿತು. ಇವತ್ತಿಗೂ ಒತ್ತಡದ ಮುಚ್ಚಳವಿಲ್ಲದ ಬಹಳ ಹಳೆಯ ಗಾಡಿಗೆ, ತಯಾರಕರೇ ಕಡಿಮೆ ಅಂಕಿ ಬರೆದಿರುವ ಗಾಡಿಗೆ 71 ಸರಿಯಾದ ವಾಲ್ವು. ಅಂಕಿಯ ಆಯ್ಕೆ ಎಂಜಿನ್ನಿನ ಹುಟ್ಟಿನಿಂದ, ಅದರ ನೀರಿನಿಂದ, ಅದರ ಮುಚ್ಚಳದಿಂದ ಬರಬೇಕು. ನಾನು ಅಂಗಡಿಯಲ್ಲಿ ಕೈ ಚಾಚಿದ್ದು ನನ್ನ ಹೆದರಿಕೆಯಿಂದ. ಎಂಜಿನ್ನಿಗೆ ಏನು ಬೇಕು ಎಂದು ನಾನು ಕೇಳಿಯೇ ಇರಲಿಲ್ಲ.

ಹಾಸನದಿಂದ ಬಸ್ಸಿನಲ್ಲಿ ಮರಳುವಾಗ ಆ ಫೋನಿನ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಟ್ರಂಕಿನವರೆಗೆ ಎದ್ದು ಹೋಗಿ, ಕನ್ನಡಕ ಹುಡುಕಿ, ಎಣ್ಣೆಯ ಬೆರಳಚ್ಚಿನ ಆ ಪುಸ್ತಕ ತೆಗೆದು, ಪುಟ ಹುಡುಕಿ ನನಗೆ ಫೋನ್ ಮಾಡಿದ ಅಪ್ಪನ ಧ್ವನಿ ನಾನು ನಾಲ್ಕು ವರ್ಷದಿಂದ ಕೇಳದೆ ಇದ್ದ ಧ್ವನಿ.

ನಾಲ್ಕು ವರ್ಷದ ಹಿಂದೆ ಸಂತೆಯಲ್ಲಿ ಅಪ್ಪನಿಗೆ ತಲೆ ಸುತ್ತಿ ಕೂತುಬಿಟ್ಟರು. ಡಾಕ್ಟರು ಬಿಪಿ ಮಾತ್ರೆ ಬದಲಿಸಿದರು, ಕಣ್ಣಿನ ಪೊರೆ ತೆಗೆಸಿ ಅಂದರು, ದಿನಾ ನಡೆಯಿರಿ ಅಂದರು. ನಾವು ಮಾತ್ರೆ ಬದಲಿಸಿದೆವು. ಪೊರೆಯ ಆಪರೇಷನ್ನನ್ನು ಕಾಫಿ ಕೊಯ್ಲು ಮುಗಿಯಲಿ, ಮಳೆ ಮುಗಿಯಲಿ ಎಂದು ವರ್ಷಗಟ್ಟಲೆ ಮುಂದೆ ಹಾಕಿದೆವು. ಉಳಿದಂತೆ ಒಂದೊಂದನ್ನೇ ಅವರ ಕೈಯಿಂದ ತೆಗೆದೆವು. ಮೊದಲು ಜೀಪಿನ ಕೀ. ಆಮೇಲೆ ಸಂತೆ. ಆಮೇಲೆ ಆಳುಗಳ ವಾರದ ಬಟವಾಡೆ, ಏಕೆಂದರೆ ಲೆಕ್ಕದಲ್ಲಿ ಜಗಳ ಬಂದರೆ ಬಿಪಿ ಏರುತ್ತದಲ್ಲ. ಮನೆಯಲ್ಲಿ ಏನಾದರೂ ತೊಂದರೆ ಬಂದರೆ ಅಪ್ಪನಿಗೆ ಹೇಳಬೇಡಿ ಎಂದು ಅಕ್ಕನಿಗೂ ಫೋನಿನಲ್ಲಿ ತಾಕೀತು. “ನೀವು ಸುಮ್ನೆ ಕೂತ್ಕೊಳ್ಳಿ ಅಪ್ಪ, ಎಲ್ಲ ನಾನು ನೋಡ್ಕೋತೀನಿ” ಎಂದು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಪ್ರೀತಿಯಿಂದಲೇ ಹೇಳಿದ್ದೇನೆ.

ಅವರು ಸುಮ್ಮನೆ ಕೂತರು. ಬಿಪಿ ಮುಳ್ಳು ಇಳಿಯಿತು. ನಮಗೆ ನೆಮ್ಮದಿ. ಪೇಪರು ಓದುವುದು ನಿಂತಿದ್ದನ್ನು ಕಣ್ಣಿನ ದೋಷ ಅಂದುಕೊಂಡೆವು, ಮಾತು ಕಡಿಮೆಯಾದದ್ದನ್ನು ವಯಸ್ಸು ಅಂದುಕೊಂಡೆವು. ಬಂದವರು ಕುಶಲ ಕೇಳಿದರೆ ಅವರ ಬದಲು ನಾನೇ ಉತ್ತರ ಹೇಳುವುದು ಅಭ್ಯಾಸವಾಗಿತ್ತು. ಒಂದು ಸಂಜೆ ಕತ್ತಲಾದರೂ ಲೈಟು ಹಾಕದೆ ಜಗಲಿಯಲ್ಲಿ ಕೂತಿದ್ದರು. ಯಾಕಪ್ಪ ಎಂದರೆ, “ನೋಡೋದೇನಿದೆ” ಅಂದರು. ನಾನು ಲೈಟು ಹಾಕಿ ಒಳಗೆ ಹೋದೆ. ಆ ಮಾತನ್ನು ಅಲ್ಲೇ ಬಿಟ್ಟು ಹೋದದ್ದಕ್ಕೆ ಈಗ ನನಗೆ ನಾಚಿಕೆಯಾಗುತ್ತದೆ.

ಮನುಷ್ಯನನ್ನು ಎಂಜಿನ್ನಿಗೆ ಹೋಲಿಸುವುದರಲ್ಲಿ ಅಪಾಯವಿದೆ, ನನಗೆ ಗೊತ್ತು. ಲಾರಿಗೆ ಹೊಸ ಲೈನರು ಸಿಕ್ಕಿತು, ಅಪ್ಪನಿಗೆ ಸಿಗುವುದಿಲ್ಲ. ಅವರ ರಕ್ತದೊತ್ತಡ ನಿಜ, ಸಂತೆಯಲ್ಲಿ ಕುಸಿದದ್ದು ನಿಜ, ಜೀಪನ್ನು ಹೆದ್ದಾರಿಗೆ ತೆಗೆದುಕೊಂಡು ಹೋಗಬಾರದು ಎಂಬುದೂ ನಿಜ. ನಾನು ಕೇಳಿಕೊಳ್ಳುತ್ತಿರುವುದು ಬೇರೆ. ಪೊರೆ ತೆಗೆಸುವುದು, ಕಿವಿ ತೋರಿಸುವುದು, ಬೆಳಿಗ್ಗೆ ಅವರ ಜೊತೆ ಅರ್ಧ ಗಂಟೆ ನಡೆಯುವುದು, ಇವೆಲ್ಲ ರೇಡಿಯೇಟರ್ ಇಳಿಸಿ ರಾಡ್ ಹೊಡೆಸುವ ಕೆಲಸ. ಹೊತ್ತು ಹಿಡಿಯುತ್ತದೆ, ಮೈ ಕೊಳೆಯಾಗುತ್ತದೆ. ವಾಲ್ವು ಕಿತ್ತೆಸೆಯಲು ಐದು ನಿಮಿಷ ಸಾಕು. ನಾವು ಐದು ನಿಮಿಷದ್ದನ್ನು ಮಾಡಿ ಅದಕ್ಕೆ ಆರೈಕೆ ಎಂದು ಹೆಸರಿಟ್ಟೆವು. ನಮ್ಮ ಊರಿನಲ್ಲಿ, ನೆಂಟರ ಮನೆಗಳಲ್ಲಿ, ಮಕ್ಕಳು ಬೆಂಗಳೂರಿನಿಂದ ದಿನಾ ಎರಡು ಸಲ ಫೋನ್ ಮಾಡಿ ಅದು ಮಾಡಬೇಡಿ ಇದು ಮುಟ್ಟಬೇಡಿ ಎಂದು ಹೇಳುವ ಎಷ್ಟೋ ಮನೆಗಳಲ್ಲಿ ಹಿರಿಯರು ಹೀಗೆ ತಣ್ಣಗೆ ಕೂತಿರುವುದನ್ನು ಈಗ ನೋಡುತ್ತೇನೆ. ಯಾರ ಮೇಲೂ ದೂರು ಹೇಳುವ ಹಾಗಿಲ್ಲ. ಎಲ್ಲರೂ ಒಳ್ಳೆಯವರೇ. ಅದಕ್ಕೇ ಹೆಚ್ಚು ದುಃಖವಾಗುತ್ತದೆ.

ಪೊರೆಯ ಆಪರೇಷನ್ ಕಳೆದ ಮಾರ್ಚಿನಲ್ಲಿ ಆಯಿತು. ಹಾಗಾಗಿಯೇ ಅವರು ಟ್ರಂಕಿನ ಪುಸ್ತಕ ಓದಲಾದದ್ದು.

ಹೊಸ ವಾಲ್ವನ್ನು ಪರೀಕ್ಷೆ ಮಾಡದೆ ಕೂರಿಸಬಾರದು ಎಂದು ಅಪ್ಪನ ಹಟ. ಅಮ್ಮನ ಹಾಲಿನ ಪಾತ್ರೆ ಸಿಗಲಿಲ್ಲ, ಹಂಡೆ ಒಲೆಯ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟೆವು. ವಾಲ್ವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಟ್ಟರು. ತಳ ಮುಟ್ಟಿದರೆ ಬೆಂಕಿಯ ಬಿಸಿ ನೇರ ತಾಗಿ ಸುಳ್ಳು ಹೇಳುತ್ತದಂತೆ. ಅಂಗಡಿಯಿಂದ ತಂದಿದ್ದ ಉದ್ದನೆಯ ಗಾಜಿನ ಥರ್ಮಾಮೀಟರನ್ನು ನಾನು ಹಿಡಿದೆ. ಅಪ್ಪ ಬಗ್ಗಿ ನೋಡುತ್ತಾ ಸೌದೆಯನ್ನು ಹಿಂದೆ ಮುಂದೆ ಮಾಡುತ್ತಿದ್ದರು. ಅಮ್ಮ ಬೆಲ್ಲದ ಪಾಕಕ್ಕೆ ಹೀಗೇ ನಿಲ್ಲುವುದು, ಎಳೆ ಬಂತೇ ಎಂದು ಬೆರಳಲ್ಲಿ ನೋಡುವುದು. ಹದ ಎನ್ನುವ ಮಾತು ನಮ್ಮಲ್ಲಿ ಪಾಕಕ್ಕೂ ಇದೆ, ಉಳುವ ಮಣ್ಣಿಗೂ ಇದೆ, ಕಾಯಿಸಿದ ಕಬ್ಬಿಣಕ್ಕೂ ಇದೆ. ಹಾಲಿಗೆ ಹೆಪ್ಪು ಹಾಕುವವರು ಬಿಸಿ ಹೆಚ್ಚಾದರೆ ಒಡೆದೀತು ಎಂದು ಹೆದರುವ ಹಾಗೆಯೇ ತಣ್ಣಗಾದರೆ ಮೊಸರಾಗದು ಎಂದೂ ಹೆದರುತ್ತಾರೆ. ಈ ಎರಡನೆಯ ಹೆದರಿಕೆಯನ್ನು ನಾನು ಎಲ್ಲಿ ಕಳೆದುಕೊಂಡೆನೋ.

ಎಪ್ಪತ್ತು. ಎಪ್ಪತ್ತೈದು. ಎಂಬತ್ತು. ಏನೂ ಇಲ್ಲ. ಎಂಬತ್ತಮೂರರ ಹತ್ತಿರ ವಾಲ್ವಿನ ಬಾಗಿಲ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. “ಬಂತು” ಅಂದರು ಅಪ್ಪ. ಗೆರೆ ನಿಧಾನವಾಗಿ ಅಗಲವಾಯಿತು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97ರ ಸುತ್ತಲೇ ಕುದಿಯುತ್ತದೆ. ವಾಲ್ವು ಪೂರ್ತಿ ಬಾಯಿ ಬಿಡುವ ಹೊತ್ತಿಗೆ ಪಾತ್ರೆಯ ತಳದಿಂದ ಗುಳ್ಳೆಗಳು ಏಳುತ್ತಿದ್ದವು. ಬಾಗಿಲು ತೆರೆಯುವುದಕ್ಕೂ ನೀರು ಕುದಿಯುವುದಕ್ಕೂ ನಡುವೆ ಇರುವ ಜಾಗ ಎಷ್ಟು ಕಡಿಮೆ ಎಂದು ಆಗ ನನಗೆ ದಿಗಿಲಾಯಿತು. “ಅದಕ್ಕೇ ಮುಚ್ಚಳ ಹೊಸದು ಹಾಕ್ಬೇಕು” ಅಂದರು ಅಪ್ಪ. 7 ಪೌಂಡು ಒತ್ತಡ ಹಿಡಿಯುವ ಮುಚ್ಚಳ ಕುದಿಯುವ ಅಂಕಿಯನ್ನು ಹತ್ತು ಹನ್ನೆರಡು ಡಿಗ್ರಿ ಮೇಲೆತ್ತುತ್ತದೆ. ನಮ್ಮ ಹಳೆಯ ಮುಚ್ಚಳದ ರಬ್ಬರು ಒಡೆದು ಯಾವ ಕಾಲವಾಗಿತ್ತೋ.

ರೇಡಿಯೇಟರು ಇಳಿಯಿತು. ಕೊಳವೆಗಳಿಂದ ಬಂದ ತುಕ್ಕು ಸುಣ್ಣ ಒಂದು ಬೋಗುಣಿ ತುಂಬಿತು. ವಾಲ್ವು ಗೂಡಿಗೆ ಕೂತಿತು, ಗಾಳಿ ಹೋಗಲು ಇರುವ ಸಣ್ಣ ತೂತು ಮೇಲಕ್ಕೆ ಬರುವ ಹಾಗೆ. ಈ ಸಲ ಬೋರ್‌ವೆಲ್ ನೀರು ಬೇಡವೆಂದು ಮಳೆನೀರು ಸೋಸಿ, ಕೂಲಂಟ್ ಬೆರೆಸಿ ತುಂಬಿದೆವು.

ಮೊನ್ನೆ ಗುರುವಾರ ಗೊಬ್ಬರ ತುಂಬಿ ಮೇಲಿನ ತೋಟಕ್ಕೆ ಹೊರಟೆವು. ನಾನು ಸ್ಟೇರಿಂಗಿನಲ್ಲಿ, ಅಪ್ಪ ಪಕ್ಕದಲ್ಲಿ. ತೋಟದೊಳಗಿನದೇ ದಾರಿ, ಎರಡು ತಿರುವು, ಒಂದು ಕಡಿದಾದ ಏರು. ಮುಳ್ಳು ತಳದಿಂದ ಎದ್ದು ನಿಧಾನವಾಗಿ ನಡುಮಧ್ಯಕ್ಕೆ ಬಂದು ನಿಂತಿತು. ಏರಿನ ತುದಿಯಲ್ಲಿ ಒಂದಿಷ್ಟು ಮೇಲೆ ಸರಿಯಿತು, ನನ್ನ ಎದೆ ಹಾರಿತು, ಮತ್ತೆ ಇಳಿದು ಅಲ್ಲೇ ಕೂತಿತು. ಅಪ್ಪ ಮುಳ್ಳನ್ನು ನೋಡುತ್ತಲೇ ಇರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಸದ್ದು ಕೇಳುತ್ತಿದ್ದರು.

ಗೊಬ್ಬರ ಇಳಿಸಿದ ಮೇಲೆ ಎಂಜಿನ್ ಆಫ್ ಮಾಡಲು ಬಿಡಲಿಲ್ಲ. “ನೀನು ಇಳಿ. ಒಂದ್ ಸಲ ಕೆಳಗಿನ ಗೇಟ್‌ವರೆಗೂ ಹೋಗಿ ಬರ್ತೀನಿ” ಅಂದರು.

ಹೆದರಿಕೆ ಆಯಿತು. ಇಳಿಜಾರು, ತಿರುವು, ಅವರ ಮಂಡಿ, ಬಿಪಿ ಮಾತ್ರೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಾಯಿಗೆ ಬಂದ ಮಾತು ಯಾವುದೆಂದು ನನಗೆ ಗೊತ್ತು. ಅದನ್ನು ನುಂಗಿ ಇಳಿದೆ. ಅವರು ಸೀಟನ್ನು ಮುಂದಕ್ಕೆ ಎಳೆದುಕೊಂಡರು, ಕನ್ನಡಿ ತಿರುಗಿಸಿಕೊಂಡರು, ಎರಡನೇ ಗೇರಿಗೆ ಹಾಕಿದರು. ನಾನು ಕಾಫಿ ಗಿಡಗಳ ನಡುವೆ ನಿಂತು, ಲಾರಿಯ ಸದ್ದು ಮೊದಲ ತಿರುವು ದಾಟಿ ಕೆಳಗೆ ಹೋಗುವುದನ್ನು ಕೇಳುತ್ತಿದ್ದೆ. ಎರಡನೇ ತಿರುವಿನಲ್ಲಿ ಹಾರ್ನ್ ಹೊಡೆದರು. ಅಲ್ಲಿ ಎದುರಿಗೆ ಯಾರೂ ಬರುವವರಿರಲಿಲ್ಲ.